ಎಂಜಿಬಿಗೆ ಹೊಸ ವೈರ್ ವೀಲ್ ಹಾಕಿದ ಕಥೆ

ನನ್ನದು 1967ರ ಎಂಜಿಬಿ ರೋಡ್‌ಸ್ಟರ್, ಮೇಲ್ಛಾವಣಿ ತೆರೆಯುವ ಪುಟ್ಟ ಸ್ಪೋರ್ಟ್ಸ್ ಕಾರು. ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯ ಕೂಸು. ರಿವರ್ಸ್ ತೆಗೆದು ಮುಂದಕ್ಕೆ ಹೊರಟಾಗಲೆಲ್ಲ ಹಿಂದಿನಿಂದ ‘ಟಕ್’ ಅನ್ನುತ್ತಿತ್ತು. ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಹಿಂದೆ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿದೆ. ಹ್ಯಾಂಡ್‌ಬ್ರೇಕ್ ಎಳೆದು ಚಕ್ರ ಅಲ್ಲಾಡಿಸಿದರೆ ಹಬ್ (ಅಚ್ಚಿನ ತುದಿಯಲ್ಲಿ ಚಕ್ರ ಕೂರುವ ಭಾಗ) ಕದಲಲಿಲ್ಲ, ಚಕ್ರ ಮಾತ್ರ ಆಡಿತು. ಬಿಚ್ಚಿ ನೋಡಿದೆ. ಹಬ್ಬಿನ ಹಲ್ಲುಗಳು ಸವೆದು ಚೂಪಾಗಿದ್ದವು.

ವೈರ್ ವೀಲ್ ಅಂದರೆ ಸೈಕಲ್ ಥರ ಕಡ್ಡಿಗಳಿರುವ ಚಕ್ರ. ಅದಕ್ಕೆ ನಾಲ್ಕು ನಟ್ ಇರುವುದಿಲ್ಲ. ಚಕ್ರ ಹಬ್ಬಿನ ಹಲ್ಲಿನ ಮೇಲೆ ಜಾರಿ ಕೂರುತ್ತದೆ, ನಡುವೆ ರೆಕ್ಕೆಯಿರುವ ಒಂದೇ ದೊಡ್ಡ ನಟ್. ಸವೆದ ಹಬ್ಬಿಗೆ ಹೊಸ ಚಕ್ರ ಹಾಕಿದರೆ ಅದನ್ನೂ ತಿಂದುಹಾಕುತ್ತದೆ. ಹಾಗಾಗಿ ಎರಡನ್ನೂ ಒಟ್ಟಿಗೇ ತರಿಸಿದೆ. ಖರ್ಚಿನ ಮಾತು ಬೇಡ ಬಿಡಿ. ತರಿಸುವ ಮುಂಚೆ ಥ್ರೆಡ್ ಎಣಿಸಿಕೊಳ್ಳಿ: ಇಂಚಿಗೆ 8 ಸುತ್ತಿನದೂ ಇದೆ, 12 ಸುತ್ತಿನದೂ ಇದೆ. ಕಾರಿನ ಎಡಗಡೆ ಮಾಮೂಲಿ ಥ್ರೆಡ್, ಬಲಗಡೆ ಉಲ್ಟಾ. ಹಬ್ ಅದಲುಬದಲಾದರೆ ಓಡುತ್ತಾ ಓಡುತ್ತಾ ನಟ್ ತಾನಾಗಿಯೇ ಸಡಿಲವಾಗುತ್ತದೆ.

ರಿಮ್ ಒಳಗೆ ಕಡ್ಡಿಗಳ ತುದಿಯನ್ನು ಬೆರಳಾಡಿಸಿ ನೋಡಿದೆ. ಎರಡು ಚುಚ್ಚುತ್ತಿದ್ದವು, ಅರ ಹಾಕಿ ಉಜ್ಜಿದೆ. ಮೇಲೆ ಟೇಪು, ಆಮೇಲೆ ಟ್ಯೂಬು, ಥೇಟ್ ಸೈಕಲ್ ಥರ. ಹಲ್ಲಿಗೂ, ಹಬ್ಬಿನ ಬುಡದ ಇಳಿಜಾರಿಗೂ ತೆಳ್ಳಗೆ ಗ್ರೀಸ್ ಸವರಿ, ಚಕ್ರ ನೆಲ ಬಿಟ್ಟಿರುವಾಗಲೇ ತಾಮ್ರದ ಸುತ್ತಿಗೆಯಿಂದ ನಟ್ ಬಿಗಿ ಮಾಡಿದೆ. ನೆಲಕ್ಕಿಳಿಸಿ ಬಿಗಿ ಮಾಡಿದರೆ ಕಾರಿನ ಭಾರಕ್ಕೆ ಚಕ್ರ ನಟ್ಟನಡುವೆ ಕೂರುವುದಿಲ್ಲ.

ಟಕ್ ಸದ್ದು ಹೋಯಿತು. ಆದರೆ 60 ಮೈಲಿ ವೇಗಕ್ಕೆ ಸ್ಟೇರಿಂಗ್ ನಡುಗತೊಡಗಿತು! ಹೊಸ ಚಕ್ರವೇ ಸೊಟ್ಟ ಅಂತ ಎರಡು ದಿನ ಸುಮ್ನೆ ಬೈದುಕೊಂಡೆ. ತಪ್ಪು ಇದ್ದದ್ದು ಚಕ್ರದ ತೂಕ ಸರಿದೂಗಿಸುವ ಬ್ಯಾಲೆನ್ಸಿಂಗ್‌ನಲ್ಲಿ. ಟೈರ್ ಅಂಗಡಿಯವರು ಮಷೀನಿನಲ್ಲಿ ಚಕ್ರ ಹಿಡಿಯಲು ಮಾಮೂಲಿ ಕೋನ್ ಹಾಕಿದ್ದರು, ಅದು ಹಲ್ಲಿನ ಬಾಯಿಗೆ ಕಚ್ಚಿಕೊಂಡಿತ್ತು. ಕಾರಿನಲ್ಲಿ ಚಕ್ರ ಹಲ್ಲಿನ ಮೇಲೆ ನೇರ ನಿಲ್ಲುವುದಿಲ್ಲ ನೋಡಿ. ಹಲ್ಲು ತಿರುಗಿಸುತ್ತದೆ ಅಷ್ಟೇ. ನಡುವಿಗೆ ತಂದು ಹಿಡಿಯುವುದು ಒಳಗೆ ಹಬ್ಬಿನ ಇಳಿಜಾರು, ಹೊರಗೆ ನಟ್ಟಿನ ಇಳಿಜಾರು. ಮಷೀನಿನಲ್ಲೂ ಆ ಎರಡು ಜಾಗದಲ್ಲೇ ಹಿಡಿಯಬೇಕು ಅಲ್ವಾ? ವೈರ್ ವೀಲ್‌ಗೆಂದೇ ಅಡಾಪ್ಟರ್ ಇಟ್ಟುಕೊಂಡಿದ್ದ ಇನ್ನೊಂದು ಅಂಗಡಿಗೆ ಹೋದೆ. ನಡುಕ ನಿಂತಿತು.

50 ಮೈಲಿ ಓಡಿಸಿದ ಮೇಲೆ ಮತ್ತೆ ಜಾಕ್ ಹಾಕಿ ಸುತ್ತಿಗೆ ಹಿಡಿದೆ. ನಾಲ್ಕೂ ನಟ್ ಒಂದೊಂದು ಬೆರಳಿನಷ್ಟು ಮುಂದೆ ಹೋದವು. ಸುತ್ತಿಗೆ ಈಗ ಡಿಕ್ಕಿಯಲ್ಲೇ ಇರುತ್ತದೆ.