ಜಾಝ್ ಕೇಳೋಕೆ ಹೊರಟಿದ್ದೀರಾ?
ದೊಡ್ಡ ಪೋಸ್ಟರ್‌ಗಳನ್ನು ನಾನು ನೋಡುವುದೇ ಇಲ್ಲ. ಬಾಸ್ (ತಗ್ಗು ಸ್ವರದ ತಂತಿವಾದ್ಯ), ಡ್ರಮ್ಸ್ ನುಡಿಸುವವರನ್ನು ಇನ್‌ಸ್ಟಾಗ್ರಾಮ್‌ನಲ್ಲಿ ಫಾಲೋ ಮಾಡಿ. ಅವರು ನಾಲ್ಕಾರು ತಂಡಗಳಲ್ಲಿ ಇರುತ್ತಾರೆ, ಸಣ್ಣಪುಟ್ಟ ಕಾರ್ಯಕ್ರಮವೂ ಗೊತ್ತಾಗುತ್ತದೆ. ಏಪ್ರಿಲ್ 30 ಅಂತರರಾಷ್ಟ್ರೀಯ ಜಾಝ್ ದಿನ, ಆಗ ತಪ್ಪದೇ ಹುಡುಕಿ.

ಡ್ರಮ್ಮರ್ ಕೈ ಕಾಣುವ ಕಡೆ ಕೂರಿ. ಸ್ಪೀಕರ್ ಮುಂದೆ ಬೇಡವೇ ಬೇಡ. ಮೊದಲು ಬರುವ ಟ್ಯೂನ್ ಗಟ್ಟಿಯಾಗಿ ಹಿಡಿದುಕೊಳ್ಳಿ. ಎಷ್ಟೋ ಹಾಡುಗಳಲ್ಲಿ ಅದು 32 ಬಾರ್ (ಬಾರ್ ಅಂದರೆ ತಾಳದ ಒಂದು ಆವರ್ತ), ಬ್ಲೂಸ್ ಶೈಲಿಯ ಹಾಡಾದರೆ ಸಾಮಾನ್ಯವಾಗಿ 12. ಆಮೇಲೆ ಸೋಲೋ, ಅಂದರೆ ಒಬ್ಬೊಬ್ಬರೇ ಮನೋಧರ್ಮದಿಂದ ನುಡಿಸುವ ಭಾಗ, ಎಲ್ಲೇ ಅಲೆದರೂ ಕೆಳಗೆ ಅದೇ ಸುತ್ತು ತಿರುಗುತ್ತಿರುತ್ತದೆ. ಮನಸ್ಸಲ್ಲೇ ಹಾಡಿಕೊಳ್ಳಿ, ದಾರಿ ತಪ್ಪುವುದಿಲ್ಲ. ಸ್ಯಾಕ್ಸೊಫೋನ್ ನಾಲ್ಕು ಬಾರ್, ಡ್ರಮ್ಸ್ ನಾಲ್ಕು ಬಾರ್ ಅಂತ ಜುಗಲ್‌ಬಂದಿ ಶುರುವಾದರೆ ಅವರ ಕಣ್ಣು ನೋಡಿ, ಅಲ್ಲೇ ಮಜಾ ಇರೋದು.

ಸೋಲೋ ಮುಗಿದಾಗ ಹಾಡಿನ ಮಧ್ಯದಲ್ಲೇ ಚಪ್ಪಾಳೆ ತಟ್ಟಬಹುದು. ಬಾಸ್ ಸೋಲೋ ಮೆಲ್ಲಗಿರುತ್ತದೆ, ಆಗಲಾದರೂ ಹರಟೆ ನಿಲ್ಲಿಸಿ ಮಾರಾಯ್ರೆ!