ತಲೆಗೆ ಪೆಟ್ಟಾದವರ ಮರೆವು: ಏನು ಉಳಿದಿದೆ ಎಂದು ನೋಡಿ, ಅದರ ಮೂಲಕ ಕಲಿಸುವುದು ಹೇಗೆ

ಅಡಿಕೆ ಮರದಿಂದ ಬಿದ್ದು ತಲೆಗೆ ಪೆಟ್ಟಾದ ಕೊನೆಗೌಡರು (ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವರು) ಬೆಳಗಿನ ತಿಂಡಿಯನ್ನೇ ಮರೆತಿರುತ್ತಾರೆ. ಎಲೆ, ಸುಣ್ಣ ಕೈಗಿಟ್ಟರೆ ಕವಳ ಮಾತ್ರ ಸರಿಯಾಗಿಯೇ ಹಾಕುತ್ತಾರೆ. ‘ಬೇಕಾದ್ದು ನೆನಪಿರ್ತದೆ’ ಎಂದು ಮನೆಯವರು ಸಿಡುಕುವುದು ಆಗಲೇ. ಅದು ನಾಟಕವಲ್ಲ. ಹೊಸ ಘಟನೆಗಳನ್ನು ಹಿಡಿದಿಡಲು ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ಬೇಕು. ಕೈಗೆ ರೂಢಿಯಾದ ಕೆಲಸ ಬೇಸಲ್ ಗ್ಯಾಂಗ್ಲಿಯಾ, ಕಿರುಮಿದುಳು ಎಂಬ ಬೇರೆ ಭಾಗಗಳ ಪಾಲು. ಅಮೆರಿಕದ ಹೆನ್ರಿ ಮೊಲೈಸನ್ ಅವರಿಗೆ 1953ರಲ್ಲಿ ಮೂರ್ಛೆರೋಗಕ್ಕೆಂದು ಎರಡೂ ಬದಿಯ ಹಿಪೊಕ್ಯಾಂಪಸ್‌ನ ದೊಡ್ಡ ಭಾಗವನ್ನು ತೆಗೆದರು. ಆಮೇಲೆ ಕನ್ನಡಿ ನೋಡಿಕೊಂಡು ನಕ್ಷತ್ರ ಬರೆಯುವುದರಲ್ಲಿ ಅವರ ಕೈ ದಿನದಿನಕ್ಕೂ ಪಳಗಿತು, ಆದರೆ ಹಿಂದೆ ಬರೆದ ನೆನಪೇ ಅವರಿಗಿರಲಿಲ್ಲ.

ಹಾಗಾಗಿ ಮೊದಲು ಉಳಿದದ್ದನ್ನು ಹುಡುಕಿ. ನಿದ್ದೆ, ತಿಂಡಿ ಆದಮೇಲೆ ಟಿವಿ ಆರಿಸಿ ಕೂತುಕೊಳ್ಳಿ. ಹತ್ತು ನಿಮಿಷಕ್ಕಿಂತ ಎಳೆಯಬೇಡಿ, ಸುಸ್ತಾದರೆ ಉತ್ತರವೆಲ್ಲ ಕೆಡುತ್ತದೆ. ಐದು ಅಂಕಿ ಹೇಳಿ, ಕೂಡಲೇ ತಿರುಗಿ ಹೇಳಿಸಿ: ಇದು ತತ್ಕಾಲದ ನೆನಪು, ಗಮನ. ಅಡಿಕೆ, ಚೊಂಬು, ಬಸ್ಸು ಎಂದು ಮೂರು ಪದ ಕೊಟ್ಟು, ಐದು ನಿಮಿಷ ಬೇರೆ ಮಾತಾಡಿ ಕೇಳಿ: ಇದು ಹೊಸ ನೆನಪು. ಕುಡುಗೋಲು ತೋರಿಸಿ, ಯಾವುದಕ್ಕೆ ಎಂದು ಕೇಳಿ: ಇದು ವಸ್ತುಗಳ ಅರ್ಥದ ನೆನಪು. ಕೊನೆಗೆ ಬಟ್ಟೆ ಮಡಚಲು ಕೊಡಿ: ಇದು ಕೈಯ ರೂಢಿಯ ನೆನಪು. ಮೆಟ್ಟುಗತ್ತಿಯಂಥ ಹರಿತದ್ದು ಈಗಲೇ ಬೇಡ. ಇದು ವೈದ್ಯರ ಪರೀಕ್ಷೆಗೆ ಬದಲಿಯಲ್ಲ, ಆದರೆ ಬರೆದಿಟ್ಟು ತೋರಿಸಿದರೆ ಅವರಿಗೆ ಉಪಯೋಗ.

ಹೆಚ್ಚಿನ ಮನೆಗಳಲ್ಲಿ ಕೆಡುವುದು ಕಲಿಸುವಾಗ. ‘ಯೋಚನೆ ಮಾಡಿ ಹೇಳು ನೋಡಾಣ’ ಎಂದು ಒತ್ತಾಯಿಸುತ್ತಾರೆ, ಪೆಟ್ಟಾದವರು ಏನೋ ಒಂದು ಊಹಿಸುತ್ತಾರೆ. ತಪ್ಪು ಹೇಳಿದ ಪ್ರಸಂಗ ಮರೆಯುತ್ತದೆ, ತಪ್ಪು ಉತ್ತರ ಮಾತ್ರ ನಾಲಿಗೆಗೆ ಅಂಟುತ್ತದೆ. ಅದಕ್ಕೇ ಊಹೆಗೆ ಬಿಡಬೇಡಿ, ಉತ್ತರವನ್ನು ನೀವೇ ಕೊಡಿ: ‘ಮಾತ್ರೆ ದೇವರ ಗೂಡಿನ ಪಕ್ಕದ ಡಬ್ಬಿಯಲ್ಲಿದೆ. ಎಲ್ಲಿದೆ?’ ಸರಿ ಬಂದರೆ 15 ಸೆಕೆಂಡ್ ಬಿಟ್ಟು ಕೇಳಿ, ಆಮೇಲೆ 30, ನಂತರ 1, 2, 4, 8 ನಿಮಿಷ. ತಡವರಿಸಿದರೆ ಕೂಡಲೇ ಉತ್ತರ ಹೇಳಿ, ಸರಿಯಾಗಿ ಹೇಳಿದ ಹಿಂದಿನ ಅಂತರಕ್ಕೆ ಇಳಿಯಿರಿ. ಒಂದು ಸಲಕ್ಕೆ ಒಂದೇ ವಿಷಯ. ಡಬ್ಬಿಯ ಜಾಗ ಬದಲಿಸಿದರೆ ಪಟ್ಟ ಶ್ರಮವೆಲ್ಲ ನೀರುಪಾಲು, ಹಬ್ಬಕ್ಕೆ ಮನೆ ಸಾರಿಸುವಾಗಲೂ ಅದು ಅಲ್ಲೇ ಇರಲಿ.

ಹಣೆಯ ಹಿಂಬದಿಯ ಮಿದುಳಿಗೆ ಏಟಾಗಿದ್ದರೆ ‘ಸಂಜೆ ಗೇಟು ಹಾಕಬೇಕು’ ಎಂಬಂಥ ಮುಂದಿನ ಕೆಲಸ ತಪ್ಪುತ್ತದೆ. ಮೊಬೈಲ್ ಅಲಾರಾಂ ಸಾಕು. ನಡೆಯದ್ದನ್ನು ನಡೆದಂತೆ ಹೇಳುವುದೂ ಉಂಟು. ಸುಳ್ಳೆಂದು ಜಗಳಕ್ಕೆ ನಿಲ್ಲಬೇಡಿ, ಮಾತು ತಿರುಗಿಸಿ.

ಪೆಟ್ಟೇ ಇಲ್ಲದೆ, ವರ್ಷಗಟ್ಟಲೆ ಕುಡಿದವರಲ್ಲಿ ಇಂಥ ಮರೆವು ಕಂಡರೆ ಬಿ1 ವಿಟಮಿನ್ ಕೊರತೆಯಿರಬಹುದು. ಬೇಗ ಇಂಜೆಕ್ಷನ್ ಕೊಡಿಸಿದಷ್ಟೂ ಒಳ್ಳೆಯದು. ಬಿದ್ದವರಿಗೆ ತಲೆನೋವು ಏರುತ್ತಿದ್ದರೆ, ಮತ್ತೆಮತ್ತೆ ವಾಂತಿಯಾದರೆ, ಮಂಪರು ಹೆಚ್ಚಿದರೆ ಮೇಲಿನದೆಲ್ಲ ಬಿಟ್ಟು 108ಕ್ಕೆ ಫೋನ್ ಮಾಡಿ. ತಲೆಯ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಕರೆದೊಯ್ಯಲು ಹೇಳಿ. ಹೊಸನಗರ, ತೀರ್ಥಹಳ್ಳಿ ಕಡೆಯ ಒಳಹಳ್ಳಿಯಾದರೆ ಮಳೆಗಾಲದಲ್ಲಿ ಆಂಬ್ಯುಲೆನ್ಸ್ ಕಾಯುತ್ತ ಕೂರದೆ, ಜೀಪು ಸಿಕ್ಕರೆ ಟಾರು ರಸ್ತೆಯವರೆಗೆ ಎದುರು ಹೋಗಿ. ಕುತ್ತಿಗೆ ಅಲುಗದಂತೆ ಮಲಗಿಸಿಯೇ ಸಾಗಿಸಿ.