ಕೂತು ಉಣ್ಣುವ ಲೆಕ್ಕ: ಮೈ ಬಗ್ಗಿಸದ ಬದುಕಿನ ಖರ್ಚನ್ನು ಬರೆದಿಟ್ಟು ಇಳಿಸುವ ಕ್ರಮ

‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂಬ ಗಾದೆಯನ್ನು ಹಿರಿಯರು ದುಡಿಯದವರನ್ನು ಕುರಿತು ಹೇಳಿದ್ದರು. ಈಗ ದಿನಕ್ಕೆ ಒಂಬತ್ತು ಗಂಟೆ ದುಡಿಯುವವರೂ ಕೂತೇ ದುಡಿಯುವುದರಿಂದ ಅದು ಅವರಿಗೂ ಸಲ್ಲುತ್ತದೆ. ಹೊನ್ನು ಕರಗುವ ಜಾಗ ಮಾತ್ರ ಔಷಧದಂಗಡಿಗೂ ರಕ್ತಪರೀಕ್ಷೆಯ ಲ್ಯಾಬಿಗೂ ಬದಲಾಗಿದೆ. ಈ ಹಣ ತಿಂಗಳು ತಿಂಗಳು ಸ್ವಲ್ಪಸ್ವಲ್ಪವೇ ಹೋಗುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಬೂಟು ಕೊಳ್ಳುವುದಕ್ಕಿಂತ ಮೊದಲು ಒಂದು ನೋಟ್‌ಬುಕ್ ತೆರೆಯಬೇಕೆಂಬುದು ನನ್ನ ಸಲಹೆ.

ಎಡಪುಟದಲ್ಲಿ ಹಣವನ್ನು ಬರೆಯಿರಿ. ಕಳೆದ ಹನ್ನೆರಡು ತಿಂಗಳಲ್ಲಿ ಮನೆಯವರ ಸಕ್ಕರೆ ಕಾಯಿಲೆ, ರಕ್ತದೊತ್ತಡ ಮತ್ತು ಸೊಂಟನೋವಿಗಾಗಿ ಕೊಟ್ಟ ವೈದ್ಯರ ಫೀಸು, ಮಾತ್ರೆಗಳ ಬಿಲ್ಲು, ಮೂರು ತಿಂಗಳಿಗೊಮ್ಮೆಯ ಪರೀಕ್ಷೆಯ ದುಡ್ಡು, ಆಸ್ಪತ್ರೆಗೆ ಹೋಗಿಬಂದ ಆಟೊ ಬಾಡಿಗೆ, ಸಂಬಳ ಕಡಿತವಾದ ರಜೆಯ ದಿನಗಳು, ಇವೆಲ್ಲ ಅದರಲ್ಲಿ ಬರಲಿ. ಆರೋಗ್ಯ ವಿಮೆ ಇದೆಯೆಂದು ನಿಶ್ಚಿಂತರಾಗಬೇಡಿ; ಬಹುತೇಕ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದಾಗ ಮಾತ್ರ ನೆರವಿಗೆ ಬರುತ್ತವೆ, ದಿನನಿತ್ಯದ ಮಾತ್ರೆಯ ದುಡ್ಡು ನಮ್ಮ ಜೇಬಿನದೇ. ತಿಂಗಳಿಗೆ 1,500 ರೂಪಾಯಿ ಎಂದಿಟ್ಟುಕೊಂಡರೂ ಬೆಲೆ ಏರದಿದ್ದರೆ ಇಪ್ಪತ್ತು ವರ್ಷಕ್ಕೆ 3,60,000 ರೂಪಾಯಿಯಾಗುತ್ತದೆ. ಇದೆಲ್ಲವನ್ನೂ ಕುರ್ಚಿಯ ತಲೆಗೆ ಕಟ್ಟುವುದು ನ್ಯಾಯವಲ್ಲ, ವಂಶವಾಹಿ, ಊಟ, ನಿದ್ದೆ, ತಂಬಾಕು ಇವುಗಳಿಗೂ ಪಾಲಿದೆ. ಆದರೆ ಕುರ್ಚಿಯ ಪಾಲು ಸಣ್ಣದೇನಲ್ಲ. 2013ರ ಒಂದೇ ವರ್ಷದಲ್ಲಿ ದೈಹಿಕ ನಿಷ್ಕ್ರಿಯತೆಯಿಂದ ಜಗತ್ತಿನ ಆರೋಗ್ಯ ವ್ಯವಸ್ಥೆಗಳಿಗೆ ಸುಮಾರು 5,380 ಕೋಟಿ ಅಂತರರಾಷ್ಟ್ರೀಯ ಡಾಲರ್ (ದೇಶದೇಶಗಳ ಬೆಲೆಯ ವ್ಯತ್ಯಾಸವನ್ನು ಸರಿದೂಗಿಸಿದ ಲೆಕ್ಕದ ಡಾಲರ್) ಹೊರೆ ಬಿತ್ತೆಂದೂ, ಅದರಲ್ಲಿ 970 ಕೋಟಿಯನ್ನು ಮನೆಮಂದಿಯೇ ಭರಿಸಿದರೆಂದೂ 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತ್ತು.

ಬಲಪುಟದಲ್ಲಿ ಒಂದು ವಾರ ಕೂತ ಗಂಟೆಗಳನ್ನು ಬರೆಯಿರಿ. ಮಲಗಿದ ಹೊತ್ತನ್ನು ಬಿಟ್ಟು, ಕಾಫಿ ಹೀರುತ್ತ ಪತ್ರಿಕೆ ಓದಿದ್ದು, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಗ್ನಲ್ ಕಾದದ್ದು, ಕಂಪ್ಯೂಟರಿನ ಮುಂದೆ ಕಳೆದದ್ದು, ರಾತ್ರಿ ಮೊಬೈಲ್ ಹಿಡಿದು ಸೋಫಾದಲ್ಲಿ ಒರಗಿದ್ದು, ಎಲ್ಲವೂ ಸೇರಲಿ. ದಿನಕ್ಕೆ ಹನ್ನೊಂದು ಹನ್ನೆರಡು ಗಂಟೆ ಬಂದರೆ ಗಾಬರಿಯಾಗಬೇಕಿಲ್ಲ, ನಗರದ ಕಚೇರಿಗಳಲ್ಲಿ ದುಡಿಯುವವರಿಗೆ ಅದು ಅಪರೂಪವಲ್ಲ. 2022ರಲ್ಲಿ ಜಗತ್ತಿನ ವಯಸ್ಕರಲ್ಲಿ ಶೇ 31ರಷ್ಟು ಮಂದಿ ಬೇಕಾದಷ್ಟು ಮೈ ಬಗ್ಗಿಸುತ್ತಿರಲಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಭಾರತದಲ್ಲಿ ಈ ಪ್ರಮಾಣ ಅರ್ಧದ ಸಮೀಪದಲ್ಲಿದ್ದು, ಮಹಿಳೆಯರಲ್ಲಿ ಸುಮಾರು ಶೇ 57 ಮತ್ತು ಪುರುಷರಲ್ಲಿ ಸುಮಾರು ಶೇ 42 ಇತ್ತು. ‘ಮನೆಗೆಲಸ ಮಾಡುತ್ತೇನಲ್ಲ’ ಎನ್ನುವ ಅಮ್ಮಂದಿರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಕುಕ್ಕರುಗಾಲಿನಲ್ಲಿ ಕೂತು ನೆಲ ಒರೆಸುವುದು ಲೆಕ್ಕಕ್ಕೆ ಬರುವ ಶ್ರಮವೇ. ಆದರೆ ಬಾವಿಯಲ್ಲಿ ನೀರು ಸೇದಿ, ಒರಳಿನಲ್ಲಿ ರುಬ್ಬುತ್ತಿದ್ದ ಕಾಲದ ಶ್ರಮವನ್ನು ನಲ್ಲಿ ಮತ್ತು ಮಿಕ್ಸಿಯ ಮನೆಗೆಲಸದೊಂದಿಗೆ ಸಮ ಮಾಡಲಾಗದು.

ಇನ್ನು ಇಳಿಸುವ ಬಗೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಮಟ್ಟದ ಚಟುವಟಿಕೆ ಬೇಕು. ಮಧ್ಯಮವೆಂದರೆ ಎಷ್ಟೆಂದು ತಿಳಿಯಲು ಯಂತ್ರ ಬೇಕಿಲ್ಲ: ನಡೆಯುತ್ತ ಪಕ್ಕದವರೊಂದಿಗೆ ಮಾತನಾಡಲು ಸಾಧ್ಯವಾಗಬೇಕು, ಆದರೆ ಹಾಡಲು ಉಸಿರು ಸಾಲಬಾರದು. ಹಾಡು ಸಲೀಸಾಗಿ ಬಂದರೆ ಹೆಜ್ಜೆ ಚುರುಕಾಗಲಿ. ಅಂದ ಹಾಗೆ, ದಿನಕ್ಕೆ 10,000 ಹೆಜ್ಜೆ ಎಂಬುದು ವೈದ್ಯರು ವಿಧಿಸಿದ ಕಟ್ಟಳೆಯಲ್ಲ. 1960ರ ದಶಕದಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದರ ಹೆಸರಿನಿಂದ ಹಬ್ಬಿದ ಸಂಖ್ಯೆ ಅದು. ನಾಲ್ಕು ಸಾವಿರ ನಡೆಯುವವರು ಆರು ಸಾವಿರ ನಡೆದರೂ ಲಾಭವಿದೆ.

ನಿಮಿಷಗಳನ್ನು ಎಲ್ಲಿಂದ ತರುವುದೆಂಬುದೇ ನಿಜವಾದ ತೊಡಕು. ಬೆಳಿಗ್ಗೆ ಐದಕ್ಕೆ ಎದ್ದು ಲಾಲ್‌ಬಾಗಿಗೆ ಹೋಗುವ ಸಂಕಲ್ಪ ಹೆಚ್ಚಿನವರಲ್ಲಿ ಎರಡನೆಯ ವಾರ ದಾಟುವುದಿಲ್ಲ. ಆದ್ದರಿಂದ ಊಟಕ್ಕೆ ನಡಿಗೆಯನ್ನು ಗಂಟು ಹಾಕುವುದು ಜಾಣತನ. ಊಟವಾದ ಕೂಡಲೇ ಹತ್ತು ನಿಮಿಷ ನಡೆದರೆ ದಿನಕ್ಕೆ ಎರಡು ಊಟದಿಂದ ಇಪ್ಪತ್ತು, ವಾರಕ್ಕೆ 140 ನಿಮಿಷ ಸಿಗುತ್ತದೆ. ಇದರ ಲಾಭ ನಿಮಿಷಗಳಿಗೇ ಮುಗಿಯುವುದಿಲ್ಲ. ಅನ್ನವೋ ಮುದ್ದೆಯೋ ಜೀರ್ಣವಾಗಿ ಸಕ್ಕರೆ ರಕ್ತಕ್ಕೆ ಇಳಿಯುವ ಹೊತ್ತಿಗೆ ತೊಡೆ ಮತ್ತು ಮೀನಖಂಡದ ಸ್ನಾಯುಗಳು ಕೆಲಸದಲ್ಲಿದ್ದರೆ, ಇನ್ಸುಲಿನ್ನಿನ ಹಂಗಿಲ್ಲದೆಯೂ ಅವು ಆ ಸಕ್ಕರೆಯನ್ನು ಹೀರಿಕೊಳ್ಳಬಲ್ಲವು. ಸುಮ್ಮನೆ ಕೂತ ಸ್ನಾಯು ಹಾಗೆ ಮಾಡದು. ಚೆನ್ನೈಯ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರು ಊಟ ಮತ್ತು ನಡಿಗೆಯನ್ನು ತಿದ್ದಿಕೊಂಡಾಗ ಕಾಯಿಲೆಗೆ ಬೀಳುವ ಸಾಧ್ಯತೆ ಶೇ 28.5ರಷ್ಟು ತಗ್ಗಿತ್ತು.

ಮೆಟ್ಟಿಲನ್ನು ಮರೆಯಬಾರದು. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ದಿನವಿಡೀ ಕೂತ ಚಾಲಕರಿಗಿಂತ, ಮೇಲಕ್ಕೂ ಕೆಳಕ್ಕೂ ಹತ್ತಿ ಇಳಿದು ಟಿಕೆಟ್ ಕೊಡುತ್ತಿದ್ದ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆಯೆಂದು ಬ್ರಿಟನ್ನಿನ ಸಂಶೋಧಕ ಜೆರ್ರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲೇ ತೋರಿಸಿದ್ದರು. ನಾಲ್ಕನೆಯ ಮಹಡಿಯ ಕಚೇರಿಯಾದರೆ ಎರಡನೆಯದರವರೆಗೆ ಹತ್ತಿ ಅಲ್ಲಿಂದ ಲಿಫ್ಟ್ ಹಿಡಿಯುವುದೂ ಒಳ್ಳೆಯ ಆರಂಭವೇ. ಕಚೇರಿಯಲ್ಲಿ ಅರ್ಧಗಂಟೆಗೊಮ್ಮೆ ಎದ್ದೇಳಲು ಸುಲಭದ ಉಪಾಯವೆಂದರೆ ಸಣ್ಣ ಲೋಟದಲ್ಲಿ ನೀರು ಇಟ್ಟುಕೊಳ್ಳುವುದು. ದೊಡ್ಡ ಬಾಟಲಿಯೇ ಮೇಜಿನ ಮೇಲಿದ್ದರೆ ಏಳುವ ನೆಪ ತಪ್ಪಿಹೋಗುತ್ತದೆ. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಬಸ್ಕಿ, ಗೋಡೆಗೆ ಕೈಯೂರಿ ತಳ್ಳುವಂಥ ವ್ಯಾಯಾಮವಿರಲಿ.

ಇನ್ಸುಲಿನ್ ಅಥವಾ ಸಕ್ಕರೆಯನ್ನು ತೀರ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು ನಡಿಗೆ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಬೇಕು, ಜೇಬಿನಲ್ಲಿ ಬೆಲ್ಲದ ಚೂರನ್ನೋ ಗ್ಲೂಕೋಸನ್ನೋ ಇಟ್ಟುಕೊಂಡಿರಬೇಕು. ಪಾದ ಜೋಮು ಹಿಡಿಯುವವರು ಬರಿಗಾಲಿನಲ್ಲಿ ನಡೆಯಬಾರದು. ನಡೆಯುವಾಗ ಎದೆ ಬಿಗಿದರೆ ಅಲ್ಲಿಗೇ ನಿಲ್ಲಿಸಿ, ಕೂಡಲೇ ಆಸ್ಪತ್ರೆ ಸೇರಬೇಕು.

ಮೂರು ತಿಂಗಳಿಗೊಮ್ಮೆ ಎರಡೂ ಪುಟಗಳನ್ನು ಮತ್ತೆ ತುಂಬಿಸಿ. ಎಡಪುಟದ ಅಂಕಿ ಅಷ್ಟು ಬೇಗ ಇಳಿಯುವುದಿಲ್ಲ, ಮಾತ್ರೆಯನ್ನು ನೀವಾಗಿಯೇ ನಿಲ್ಲಿಸುವಂತೆಯೂ ಇಲ್ಲ. ಬೇಗ ಬದಲಾಗುವುದು ಕಾಲಿನ ಬಲ. ಅರವತ್ತು ದಾಟಿದ ಅಪ್ಪ ಅಮ್ಮನಿಗೆ ಇದನ್ನು ಹೀಗೆ ಅಳೆಯಬಹುದು: ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ, ಅವರು ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿ, 30 ಸೆಕೆಂಡುಗಳಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆಂದು ಎಣಿಸಿ, ನೀವು ಪಕ್ಕದಲ್ಲೇ ನಿಂತಿರಿ. 60ರಿಂದ 64ರ ವಯಸ್ಸಿನಲ್ಲಿ ಗಂಡಸರಿಗೆ 14ಕ್ಕಿಂತ, ಹೆಂಗಸರಿಗೆ 12ಕ್ಕಿಂತ ಕಡಿಮೆ ಬಂದರೆ ಕಾಲುಗಳು ಸೋತಿವೆಯೆಂದು ಅರ್ಥ. ಏಳಲು ತೊಡೆಗೆ ಕೈಯೂರಿದರೆ ಅಂದಿನ ಎಣಿಕೆ ಸೊನ್ನೆ. ಅದನ್ನೂ ತಾರೀಖಿನ ಸಮೇತ ಬಲಪುಟದಲ್ಲಿ ಬರೆದಿಡಿ.